ಕಾಟಾ ಮನೆಯ ಹಳೇ ಕಂಪ್ಯೂಟರಿಗೆ ಯಾವ ಟೂಲ್‌ಕಿಟ್? ಟಿಕಿಂಟರ್, ಪೈಸೈಡ್, ಡಬ್ಲ್ಯೂಎಕ್ಸ್ ಬಳಸಿ ನೋಡಿ ಬರೆದದ್ದು

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳಿಗೆ, ದಲ್ಲಾಳಿ ಅಂಗಡಿಗಳಿಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಕೊಡುವುದು ನನ್ನ ಕೆಲಸ. ಕಾಟಾದ, ಅಂದರೆ ಲೋಡ್ ಗಾಡಿ ತೂಗುವ ಯಂತ್ರದ, ತೂಕ ಕಂಪ್ಯೂಟರಿಗೆ ಬರಬೇಕು. ರೈತರ ಹೆಸರು, ಊರು ಕನ್ನಡದಲ್ಲಿ ಚೀಟಿ ಮೇಲೆ ಬೀಳಬೇಕು. ಸಂಜೆ ಲೆಕ್ಕ ತಾಳೆಯಾಗಬೇಕು. ಇಷ್ಟೇ ಕೇಳುತ್ತಾರೆ.

ಲೆಕ್ಕದ ಭಾಗದಲ್ಲಿ ಏನೂ ಕಷ್ಟವಿಲ್ಲ. ಟ್ರ್ಯಾಕ್ಟರ್ ಲೋಡ್ ಸಮೇತ 12,480 ಕೆ.ಜಿ., ಖಾಲಿ 4,155 ಕೆ.ಜಿ., ಉಳಿದದ್ದು 8,325. ನಮ್ಮ ಕಡೆ ಭತ್ತದ ರೇಟು 75 ಕೆ.ಜಿ. ಚೀಲದ ಲೆಕ್ಕ, ಹಾಗಾಗಿ 111 ಚೀಲ. ರೇಟಿನಿಂದ ಗುಣಿಸು, ಹಮಾಲಿ ಕೂಲಿ ಕಳೆ, ಮುಗಿಯಿತು. ತಲೆನೋವು ಇರುವುದು ಪರದೆ ಮೇಲೆ ಕಾಣುವ ಭಾಗದಲ್ಲಿ. ವಿಂಡೊ, ಬಟನ್, ಟೇಬಲ್ ಇವನ್ನು ಕೊಡುವ ಟೂಲ್‌ಕಿಟ್ ಪೈಥಾನ್‌ಗೆ ಹತ್ತಾರು ಇವೆ. ಯಾವುದು ಒಳ್ಳೆಯದು ಎಂದು ಹುಡುಕಿದರೆ ಸಿಗುವ ಹೋಲಿಕೆಗಳೆಲ್ಲ ಹೊಸ ಲ್ಯಾಪ್‌ಟಾಪ್ ಇಟ್ಟುಕೊಂಡು, ಇಂಗ್ಲಿಷ್ ಅಕ್ಷರ ಹಾಕಿ ಮಾಡಿದವು. ನನ್ನ ಗಿರಾಕಿಗಳ ಕಡೆ ಇರುವುದು ಧೂಳು ತಿಂದ ಡೆಸ್ಕ್‌ಟಾಪ್, 2 ಜಿಬಿ ರ‍್ಯಾಮ್, ಎಷ್ಟೋ ಕಡೆ ಇನ್ನೂ 32 ಬಿಟ್ ವಿಂಡೋಸ್ 7, ಪಕ್ಕದಲ್ಲೊಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅಂಥ ಕಡೆ ಬಳಸಿ ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ದುಡ್ಡು ತೆಗೆದುಕೊಂಡು ಮಾಡುವ ಕೆಲಸಕ್ಕೆ ನನ್ನ ಆಯ್ಕೆ ಪೈಸೈಡ್. ಕಾರಣ ಅದರ ಅಂದ ಅಲ್ಲ. ಅದು ಕನ್ನಡವನ್ನು ಕನ್ನಡದ ಹಾಗೆ ಬರೆಯುತ್ತದೆ, ಅದನ್ನೇ ಪ್ರಿಂಟರಿಗೂ ಹಾಗೇ ಕಳಿಸುತ್ತದೆ. ಉಳಿದದ್ದೆಲ್ಲ ಆಮೇಲೆ.

ಟಿಕಿಂಟರ್‌ನಿಂದ ಶುರು ಮಾಡೋಣ, ಎಲ್ಲರೂ ಅಲ್ಲಿಂದಲೇ ಶುರು ಮಾಡುವುದು ಅಲ್ವಾ? ವಿಂಡೋಸ್‌ನಲ್ಲಿ ಪೈಥಾನ್ ಹಾಕಿದರೆ ಜೊತೆಗೇ ಬರುತ್ತದೆ. ಪೈಥಾನ್ ಜೊತೆ ಸಿಗುವ ಐಡಲ್ ಎಡಿಟರ್ ಇದೆಯಲ್ಲ, ಅದನ್ನು ಬರೆದಿರುವುದೂ ಇದರಲ್ಲೇ. ಒಳಗಿರುವ ಎಂಜಿನ್ ಟಿಕೆ. ಜಾನ್ ಔಸ್ಟರ್‌ಹೌಟ್ ಬರ್ಕ್ಲಿಯಲ್ಲಿದ್ದಾಗ ತಮ್ಮ ಟಿಸಿಎಲ್ ಭಾಷೆಗೆ ಜೋಡಿಯಾಗಿ ಮಾಡಿದ್ದು, 1990ರ ದಶಕದ ಆರಂಭದ ಸರಕು. ವಯಸ್ಸಾಗಿದೆ, ಆದರೆ ಗಟ್ಟಿ. ಹತ್ತು ಸಾಲಿನಲ್ಲಿ ಒಂದು ಕೆಲಸಕ್ಕೆ ಬರುವ ವಿಂಡೊ ನಿಲ್ಲಿಸಬಹುದು. ಎಂಟು ವರ್ಷದ ಹಿಂದಿನ ಕಂಪ್ಯೂಟರಿನಲ್ಲೂ ಡಬಲ್ ಕ್ಲಿಕ್ ಮಾಡಿದ ಕೂಡಲೇ ತೆರೆಯುತ್ತದೆ. 32 ಬಿಟ್ ಎಂದರೆ ಮುಖ ತಿರುಗಿಸುವುದಿಲ್ಲ.

ಕನ್ನಡದ ವಿಷಯಕ್ಕೆ ಬಂದಾಗ ಬಣ್ಣ ಬಯಲಾಗುತ್ತದೆ. ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದ ಒಂದು ದಲ್ಲಾಳಿ ಅಂಗಡಿಯಲ್ಲಿ ಟಿಕಿಂಟರ್ ಡೆಮೊ ತೋರಿಸುತ್ತಿದ್ದೆ. ಊರಿನ ಪಟ್ಟಿಯಲ್ಲಿ ಮರ್ಲಾನಹಳ್ಳಿ ಇತ್ತು. ಪರದೆ ಮೇಲೆ ಬಂದದ್ದು ಸುಮಾರಾಗಿ ಹೀಗೆ: ಮರ್‌ಲಾನಹಳ್‌ಳಿ. ಅದೂ ಇಳಿ, ಗುಡಿಸುಗಳು ಅಕ್ಷರ ಬಿಟ್ಟು ಪಕ್ಕಕ್ಕೆ ಸರಿದು ನಿಂತಿದ್ದವು. ಮಾಲೀಕರು ಕನ್ನಡಕ ಏರಿಸಿಕೊಂಡು, "ಇದ್ಯಾವೂರವ್ವಾ? ನಮ್ಮ ಕಡೀದಂತೂ ಅಲ್ಲ" ಅಂದರು.

ಕಾರಣ ಇಷ್ಟೇ. ಕಂಪ್ಯೂಟರಿನಲ್ಲಿ ಅಕ್ಷರಕ್ಕೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒತ್ತಕ್ಷರಕ್ಕೆ ಬೇರೆ ಸಂಕೇತವಿಲ್ಲ. 'ಕ್ಷ' ಎಂದರೆ ಒಳಗೆ ಮೂರು ಸಂಕೇತ: ಕ, ಹಲಂತ, ಷ. ಇವನ್ನು ಕೂಡಿಸಿ ಒಂದು ಆಕಾರ ಮಾಡಲು ಬೇರೆಯೇ ಒಂದು ಎಂಜಿನ್ ಬೇಕು. ಲಿನಕ್ಸ್‌ನಲ್ಲಿ ಆ ಕೆಲಸ ಮಾಡುವುದು ಹಾರ್ಫ್‌ಬಝ್. ಟಿಕೆ 8.6 ಲಿನಕ್ಸ್‌ನಲ್ಲಿ ಅದನ್ನು ಕರೆಯುವುದೇ ಇಲ್ಲ. ಒಂದೊಂದು ಸಂಕೇತಕ್ಕೆ ಒಂದೊಂದು ಚಿತ್ರ ತೆಗೆದು ಸಾಲಾಗಿ ಇಡುತ್ತದೆ, ಅಷ್ಟೇ. ಇಂಗ್ಲಿಷಿಗೆ ಸಾಕು, ನಮಗೆ ಸಾಲದು. ಫಾಂಟ್ ಬದಲಿಸಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಹೋಗುವುದಿಲ್ಲ, ದೋಷ ಫಾಂಟಿನದಲ್ಲ.

ವಿಂಡೋಸ್‌ನಲ್ಲಿ ಈ ಗೋಳಿಲ್ಲ. ಅಕ್ಷರ ಕೂಡಿಸುವ ಕೆಲಸವನ್ನು ವಿಂಡೋಸೇ ಮಾಡಿಕೊಡುತ್ತದೆ. ಆದರೆ ಅಲ್ಲೊಂದು ಸಣ್ಣ ತೊಡಕಿದೆ. ಟೇಬಲ್ ತೋರಿಸಲು ಟಿಕಿಂಟರ್‌ನಲ್ಲಿ ಇರುವುದು ಟ್ರೀವ್ಯೂ. ಅದರ ಸಾಲಿನ ಎತ್ತರ ತಾನಾಗಿ 20 ಪಿಕ್ಸೆಲ್. ನೀವು ಫಾಂಟ್ ದೊಡ್ಡದು ಮಾಡಿದರೂ ಸಾಲು ಬೆಳೆಯುವುದಿಲ್ಲ. ಇಂಗ್ಲಿಷ್ ಅಕ್ಷರ ಅದರಲ್ಲಿ ಹಿಡಿಸುತ್ತದೆ. ಕನ್ನಡದಲ್ಲಿ ಒತ್ತು ಇರುವುದು ಕೆಳಗೆ ತಾನೇ? ಕಾಲು ಕತ್ತರಿಸಿ ಹೋಗುತ್ತದೆ. 'ಬಸವಣ್ಣೆಪ್ಪ' ಎಂದು ಬರೆದಿದ್ದರೆ ಣದ ಒತ್ತೂ ಇಲ್ಲ, ಪದ ಒತ್ತೂ ಇಲ್ಲ, ಓದುವವರು ಊಹಿಸಿಕೊಳ್ಳಬೇಕು. ಸ್ಟೈಲ್‌ನಲ್ಲಿ ರೋಹೈಟ್ ಎಂಬುದನ್ನು 30ರ ಮೇಲೆ ಇಟ್ಟರೆ ಸರಿಹೋಗುತ್ತದೆ. ಒಂದೇ ಸಾಲಿನ ಕೆಲಸ, ಆದರೆ ಗೊತ್ತಿರಬೇಕು. ಅದೇ ಟ್ರೀವ್ಯೂನಲ್ಲಿ ಟೇಬಲಿನ ಮನೆಯೊಳಗೇ ಅಂಕಿ ತಿದ್ದುವ ಸೌಲಭ್ಯವೂ ಇಲ್ಲ. ಮೇಲೊಂದು ಎಂಟ್ರಿ ಪೆಟ್ಟಿಗೆ ತಂದು ಕೂರಿಸಿ ನಾವೇ ಮಾಡಿಕೊಳ್ಳಬೇಕು. ಐವತ್ತು ಸಾಲಿನ ಹಮಾಲಿ ಪಟ್ಟಿ ತಿದ್ದುವ ಗುಮಾಸ್ತರಿಗೆ ಇದು ಸಾಕಾಗುವುದಿಲ್ಲ.

ಫಾಂಟ್ ಮಾತು ಬಂತು ಅಂತ ಇನ್ನೊಂದು ಹೇಳುತ್ತೇನೆ. ವಿಂಡೋಸ್ 7ರಲ್ಲಿ ಕನ್ನಡಕ್ಕೆ ಇದ್ದದ್ದು ತುಂಗಾ. ವಿಂಡೋಸ್ 10ರಲ್ಲಿ ಆ ಜಾಗಕ್ಕೆ ನಿರ್ಮಲಾ ಬಂದಿದೆ. ತುಂಗಾ ಬೇಕಾದರೆ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಹಾಗಾಗಿ ಪ್ರೋಗ್ರಾಂನಲ್ಲಿ ತುಂಗಾ ಎಂದು ಗಟ್ಟಿಯಾಗಿ ಬರೆದಿಟ್ಟರೆ ಒಂದು ಮಿಲ್‌ನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಕಾಣುತ್ತದೆ. ನೋಟೊ ಸಾನ್ಸ್ ಕನ್ನಡ ಫಾಂಟಿನ ಫೈಲನ್ನೇ ಪ್ರೋಗ್ರಾಂ ಜೊತೆ ಕಳಿಸುವುದು ಸುಲಭದ ದಾರಿ. ಪೈಸೈಡ್‌ನ ಒಳಗಿರುವ ಕ್ಯೂಟಿಯಲ್ಲಿ ಆ ಫೈಲನ್ನು ನೇರವಾಗಿ ಓದಿಸಿಕೊಳ್ಳುವ ಒಂದು ಫಂಕ್ಷನ್ ಇದೆ. ಟಿಕಿಂಟರ್‌ನಲ್ಲಿ ಅಂಥದ್ದಿಲ್ಲ, ಫಾಂಟನ್ನು ಕಂಪ್ಯೂಟರಿಗೇ ಇನ್‌ಸ್ಟಾಲ್ ಮಾಡಿರಬೇಕು. ನುಡಿ, ಬರಹ ಕಾಲದ, ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ಆಕಾರ ಕೂರಿಸಿದ ಹಳೇ ಆಸ್ಕಿ ಫಾಂಟಿನಲ್ಲಿ ಹೆಸರುಗಳನ್ನು ತುಂಬಿಟ್ಟ ಗಿರಾಕಿ ಸಿಕ್ಕರೆ ಮಾತ್ರ ಯಾವ ಟೂಲ್‌ಕಿಟ್ಟೂ ಕೈ ಹಿಡಿಯುವುದಿಲ್ಲ. ಮೊದಲು ಎಲ್ಲವನ್ನೂ ಯೂನಿಕೋಡ್‌ಗೆ ತಿರುಗಿಸಲೇಬೇಕು.

ಈಗ ಪೈಸೈಡ್. ಇದರ ಬೆನ್ನಿಗಿರುವುದು ಕ್ಯೂಟಿ. ನಾರ್ವೆಯ ಟ್ರೋಲ್‌ಟೆಕ್ ಕಂಪನಿ 1995ರಲ್ಲಿ ಹೊರಗೆ ಬಿಟ್ಟ ಸಿ++ ಟೂಲ್‌ಕಿಟ್. 2008ರಲ್ಲಿ ನೋಕಿಯಾ ಅದನ್ನು ಕೊಂಡುಕೊಂಡಿತು. ಪೈಥಾನ್‌ನಿಂದ ಕ್ಯೂಟಿ ಬಳಸಲು ಆಗ ಇದ್ದದ್ದು ರಿವರ್‌ಬ್ಯಾಂಕ್ ಅವರ ಪೈಕ್ಯೂಟಿ. ಅದು ಜಿಪಿಎಲ್ ಪರವಾನಗಿಯದು. ಅಂದರೆ ನಿಮ್ಮ ಪ್ರೋಗ್ರಾಂ ಮಾರಿದರೆ ಸೋರ್ಸನ್ನೂ ಅದೇ ಷರತ್ತಿನಲ್ಲಿ ಕೊಡಬೇಕು, ಇಲ್ಲವೇ ದುಡ್ಡು ಕೊಟ್ಟು ಬೇರೆ ಪರವಾನಗಿ ಕೊಳ್ಳಬೇಕು. ನೋಕಿಯಾಗೆ ಸ್ವಂತ ಸೋರ್ಸ್ ಕೊಡದೆಯೂ ಮಾರಲು ಬಿಡುವ ಎಲ್‌ಜಿಪಿಎಲ್ ಪರವಾನಗಿ ಬೇಕಿತ್ತು, ಇಬ್ಬರಿಗೂ ಹೊಂದಾಣಿಕೆ ಆಗಲಿಲ್ಲ, 2009ರಲ್ಲಿ ಪೈಸೈಡ್ ಹುಟ್ಟಿತು. ಈಗ ಕ್ಯೂಟಿ ಕಂಪನಿಯೇ ಅದನ್ನು ನೋಡಿಕೊಳ್ಳುತ್ತದೆ. ಬರೆಯುವ ಕೋಡು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ನನ್ನಂತೆ ಸೋರ್ಸ್ ಕೊಡದೆ ಮಾರುವವರು ಪೈಸೈಡ್ ಹಿಡಿಯುವುದು ವಾಸಿ. ಎಲ್‌ಜಿಪಿಎಲ್‌ಗೂ ತನ್ನ ಷರತ್ತುಗಳಿವೆ, ಒಮ್ಮೆ ಕೂತು ಓದಿ.

ಕ್ಯೂಟಿ ತನ್ನೊಳಗೇ ಹಾರ್ಫ್‌ಬಝ್ ಇಟ್ಟುಕೊಂಡು ಬರುತ್ತದೆ. ಹಾಗಾಗಿ ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಮರ್ಲಾನಹಳ್ಳಿ ಮರ್ಲಾನಹಳ್ಳಿಯಾಗಿಯೇ ಇರುತ್ತದೆ. ಬಟನ್ ಮೇಲೆ, ಟೇಬಲ್ ಒಳಗೆ, ಮೆನುವಿನಲ್ಲಿ, ಎಲ್ಲ ಕಡೆ.

ಇದರ ನಿಜವಾದ ಬೆಲೆ ಗೊತ್ತಾಗುವುದು ಪ್ರಿಂಟ್ ಕೊಡುವಾಗ. ಟಿಕೆ 8.6ಕ್ಕೆ ಪ್ರಿಂಟರ್ ಎಂದರೆ ಏನೆಂದೇ ಗೊತ್ತಿಲ್ಲ. 2024ರಲ್ಲಿ ಬಂದ ಟಿಕೆ 9.0ಕ್ಕೆ ಪ್ರಿಂಟ್ ಆಜ್ಞೆ ಸೇರಿಸಿದ್ದಾರೆ, ಆದರೆ ಹಳೇ ಪೈಥಾನ್ ಜೊತೆ ಬರುವುದು 8.6. ಪಿಡಿಎಫ್ ಮಾಡಿ ಕಳಿಸೋಣ ಎಂದರೆ ಕೆಲವು ಪಿಡಿಎಫ್ ಲೈಬ್ರರಿಗಳಲ್ಲೂ ಒತ್ತಕ್ಷರದ ಅದೇ ಕಥೆ. ಕ್ಯೂಟಿಯಲ್ಲಿ ಚೀಟಿಯನ್ನು ಸಾದಾ ಎಚ್‌ಟಿಎಂಎಲ್ ಟೇಬಲ್ ಥರ ಬರೆದು ಅದರ ಕ್ಯೂಟೆಕ್ಸ್ಟ್‌ಡಾಕ್ಯುಮೆಂಟ್ ಎಂಬ ಭಾಗಕ್ಕೆ ಕೊಟ್ಟರೆ ಸಾಕು. ಪರದೆ ಮೇಲೆ ನೋಡಿದ್ದೇ ಕಾಗದದ ಮೇಲೂ ಬರುತ್ತದೆ, ಪಿಡಿಎಫ್ ಬೇಕೆಂದರೆ ಅದೂ ಆಗುತ್ತದೆ.

ಡಾಟ್ ಮ್ಯಾಟ್ರಿಕ್ಸ್ ಬಗ್ಗೆ ಮಾತ್ರ ಗಿರಾಕಿಗೆ ಮೊದಲೇ ಹೇಳಿಬಿಡಿ. ಆ ಪ್ರಿಂಟರಿನ ಒಳಗೆ ಇಂಗ್ಲಿಷ್ ಅಕ್ಷರಗಳಿರುತ್ತವೆ, ಕನ್ನಡದವು ಇರುವುದಿಲ್ಲ. ಕನ್ನಡ ಚೀಟಿಯನ್ನು ಅದು ಚಿತ್ರದ ಹಾಗೆ ಗೆರೆ ಗೆರೆಯಾಗಿ ಕೊರೆಯುತ್ತದೆ. ಇಂಗ್ಲಿಷ್ ಚೀಟಿ ಸರ್ರನೆ ಬಂದರೆ ಕನ್ನಡದ್ದು ಕಿರ್ರ್ ಕಿರ್ರ್ ಎನ್ನುತ್ತಾ ನಿಧಾನಕ್ಕೆ ಬರುತ್ತದೆ. ಸುಗ್ಗಿಯಲ್ಲಿ ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಾಗ ಈ ಶಬ್ದ ಕೇಳಿ ಬೇಜಾರಾಗುವವರು ಇದ್ದಾರೆ. ಟೂಲ್‌ಕಿಟ್ ಬದಲಿಸಿ ಇದಕ್ಕೆ ಪರಿಹಾರ ಸಿಗುವುದಿಲ್ಲ. ನಾನು ಚೀಟಿಯಲ್ಲಿ ಹೆಸರು, ಊರು, ಮಾಲು ಇಷ್ಟನ್ನು ಕನ್ನಡದಲ್ಲಿಟ್ಟು ಚೀಟಿಯ ಉದ್ದವನ್ನೇ ಕಡಿಮೆ ಮಾಡಿದ್ದೇನೆ.

ಕೀಬೋರ್ಡ್ ಬಗ್ಗೆ ಯಾವ ಹೋಲಿಕೆಯಲ್ಲೂ ಯಾರೂ ಬರೆಯುವುದಿಲ್ಲ, ನನಗೆ ಅದೇ ಸೋಜಿಗ. ಕಾಟಾ ಮನೆಯಲ್ಲಿ ಕೂರುವ ಗುಮಾಸ್ತರು ಮೊದಲು ಫಾಕ್ಸ್‌ಪ್ರೊದಲ್ಲಿ ಬರೆದ ಕಪ್ಪು ಪರದೆಯ ಪ್ರೋಗ್ರಾಂ ನಡೆಸಿದವರು, ಆಮೇಲೆ ಟ್ಯಾಲಿ. ಎಂಟರ್ ಒತ್ತಿದರೆ ಮುಂದಿನ ಮನೆಗೆ ಹೋಗಬೇಕು, ಅಷ್ಟೇ ಅವರಿಗೆ ಗೊತ್ತು. ನಾನು ಟ್ಯಾಬ್ ಕೀ ತೋರಿಸಿದ್ದಕ್ಕೆ ಒಬ್ಬರು, "ನೋಡವ್ವಾ, ಹೊರಗ ಟ್ರ್ಯಾಕ್ಟರ್ ಪಾಳಿ ನಿಂತಾವ. ನಾ ಎಡಗೈಲೆ ಚೀಟಿ ಹಿಡ್ದಿರ್ತೀನಿ, ಬಲಗೈಲೆ ಇಷ್ಟ ಒತ್ತೂದು" ಎಂದು ನಂಬರ್ ಪ್ಯಾಡ್ ತಟ್ಟಿ ತೋರಿಸಿದರು. ಅವರ ಮಾತೇ ಸರಿ.

ಟಿಕಿಂಟರ್‌ನಲ್ಲಿ ರಿಟರ್ನ್ ಕೀಯನ್ನು ಬೈಂಡ್ ಮಾಡಿ ಮುಂದಿನ ಮನೆಗೆ ಫೋಕಸ್ ಕಳಿಸುವುದು ಬಹಳ ಸುಲಭ. ಕ್ಯೂಟಿಯಲ್ಲಿ ಸ್ವಲ್ಪ ಹುಷಾರಾಗಿರಬೇಕು. ಡೈಲಾಗ್ ಒಳಗೆ ಇಟ್ಟ ಬಟನ್‌ಗಳಿಗೆ ಆಟೊಡಿಫಾಲ್ಟ್ ಎಂಬ ಗುಣ ತಾನಾಗಿಯೇ ಅಂಟಿಕೊಂಡಿರುತ್ತದೆ. ಗುಮಾಸ್ತರು ಗಾಡಿ ನಂಬರ್ ಬರೆದು ಎಂಟರ್ ಒತ್ತುತ್ತಾರೆ, ಮುಂದಿನ ಮನೆಗೆ ಹೋಗುವ ಬದಲು ಸೇವ್ ಬಟನ್ ಒತ್ತಿಕೊಳ್ಳುತ್ತದೆ, ಅರ್ಧ ಚೀಟಿ ಪ್ರಿಂಟರಿನಿಂದ ಹೊರಬರುತ್ತದೆ. ಎಲ್ಲ ಬಟನ್‌ಗೂ ಅದನ್ನು ತೆಗೆದುಹಾಕಿ. ಇನ್ನೊಂದು, ದೊಡ್ಡ ಎಂಟರ್ ಬೇರೆ, ನಂಬರ್ ಪ್ಯಾಡಿನ ಎಂಟರ್ ಬೇರೆ. ಕ್ಯೂಟಿ ಇವೆರಡನ್ನೂ ಬೇರೆ ಬೇರೆ ಹೆಸರಿನಿಂದ ಕರೆಯುತ್ತದೆ. ಒತ್ತಿದ ಕೀ ಹಿಡಿಯಲು ಇವೆಂಟ್ ಫಿಲ್ಟರ್ ಬರೆಯುವವರು ಎರಡನ್ನೂ ಹಿಡಿಯಬೇಕು, ಯಾಕೆಂದರೆ ಇಲ್ಲಿ ಜಾಸ್ತಿ ಒತ್ತುವುದು ಎರಡನೆಯದನ್ನೇ.

ಕಾಟಾದ ಅಂಕಿ ತೋರಿಸುವ ಇಂಡಿಕೇಟರ್‌ನಿಂದ ತೂಕ ಬರುವುದು ಸೀರಿಯಲ್ ಕೇಬಲ್ ಮೂಲಕ. ಗಾಡಿ ಪ್ಲಾಟ್‌ಫಾರಂ ಮೇಲೆ ಇರಲಿ ಬಿಡಲಿ, ಅಂಕಿಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಪೈಸೀರಿಯಲ್ ಲೈಬ್ರರಿಯಿಂದ ಅವನ್ನು ಓದುವ ಲೂಪನ್ನು ವಿಂಡೊ ನಡೆಸುವ ಥ್ರೆಡ್‌ನಲ್ಲೇ (ಪ್ರೋಗ್ರಾಂ ಒಳಗೆ ಕೆಲಸ ಸಾಗುವ ಒಂದು ಎಳೆ) ಇಟ್ಟರೆ ಪರದೆ ಬೆಳ್ಳಗಾಗಿ, ಪ್ರೋಗ್ರಾಂ ಪ್ರತಿಕ್ರಿಯಿಸುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಎಲ್ಲ ಟೂಲ್‌ಕಿಟ್‌ಗಳಲ್ಲೂ ಇದೇ ಹಣೆಬರಹ. ಬೇರೆ ಥ್ರೆಡ್‌ನಲ್ಲಿ ಓದಬೇಕು, ಆ ಥ್ರೆಡ್ ವಿಂಡೊವನ್ನು ಮುಟ್ಟಬಾರದು. ಟಿಕಿಂಟರ್‌ನಲ್ಲಾದರೆ ಓದಿದ್ದನ್ನು ಒಂದು ಕ್ಯೂಗೆ, ಅಂದರೆ ಸರದಿ ಸಾಲಿಗೆ ಹಾಕಿ, ವಿಂಡೊ ಕಡೆಯಿಂದ ಆಫ್ಟರ್ ಎಂಬ ಫಂಕ್ಷನ್ ಬಳಸಿ ಆಗಾಗ ಇಣುಕಿ ನೋಡಬೇಕು. ನಡೆಯುತ್ತದೆ, ಕೋಡು ಮಾತ್ರ ಚದುರಿಹೋಗುತ್ತದೆ. ಕ್ಯೂಟಿಯ ಸಿಗ್ನಲ್, ಸ್ಲಾಟ್ ವ್ಯವಸ್ಥೆ ಇಲ್ಲಿ ನಿಜಕ್ಕೂ ಚೆನ್ನ. ಓದುವ ಥ್ರೆಡ್ 'ತೂಕ ಬಂತು' ಎಂದು ಸಿಗ್ನಲ್ ಬಿಡುತ್ತದೆ, ವಿಂಡೊ ತನ್ನ ಸರದಿಯಲ್ಲಿ ಅದನ್ನು ತೆಗೆದುಕೊಂಡು ದೊಡ್ಡ ಅಂಕಿಯಲ್ಲಿ ತೋರಿಸುತ್ತದೆ. ಗಾಡಿ ನಿಂತು ಅಂಕಿ ಸ್ಥಿರವಾದ ಮೇಲಷ್ಟೇ ಹಸಿರು ಬಣ್ಣ ಬರುವ ಹಾಗೆ ಮಾಡಿದ್ದೇನೆ. ಗುಮಾಸ್ತರಿಗೆ ಇಡೀ ಪ್ರೋಗ್ರಾಂನಲ್ಲಿ ಇಷ್ಟವಾದದ್ದು ಅದೊಂದೇ! ಯುಎಸ್‌ಬಿ ಕನ್ವರ್ಟರ್ ಬಳಸುವ ಕಡೆ ಇನ್ನೊಂದು ಕಿರಿಕಿರಿ. ಕಸ ಗುಡಿಸುವವರು ವೈರ್ ಕಿತ್ತು ಬೇರೆ ತೂತಿಗೆ ಚುಚ್ಚಿದರೆ ಪೋರ್ಟಿನ ಹೆಸರು ಕಾಮ್ 3 ಇದ್ದದ್ದು ಕಾಮ್ 5 ಆಗಿರುತ್ತದೆ. ಪೋರ್ಟ್ ಆರಿಸುವ ಪಟ್ಟಿಯನ್ನು ಸೆಟ್ಟಿಂಗ್ಸ್‌ನಲ್ಲಿ ಇಟ್ಟುಬಿಡಿ, ಫೋನ್ ಕರೆಗಳು ಕಡಿಮೆಯಾಗುತ್ತವೆ.

ಪೈಸೈಡ್‌ನ ದೊಡ್ಡ ಕೊರತೆ ಹಳೇ ಕಂಪ್ಯೂಟರ್. ಡಿಸೆಂಬರ್ 2020ರಲ್ಲಿ ಬಂದ ಪೈಸೈಡ್6ಗೆ ವಿಂಡೋಸ್ 10 ಬೇಕೇ ಬೇಕು, ಅದೂ 64 ಬಿಟ್. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 14 ಜನವರಿ 2020ರಂದು. ಪೈಥಾನ್ ಕೂಡ ಅದರ ಮೇಲೆ ನಡೆಯುವುದು 3.8ರವರೆಗೆ ಮಾತ್ರ. ಗಿರಾಕಿಗೆ ಇದನ್ನೆಲ್ಲ ಹೇಳಿದರೆ, "ಕಂಪ್ಯೂಟರ್ ಚಾಲೂ ಐತಲ್ಲವಾ, ಯಾಕ ಬದಲಿ ಮಾಡ್ಲಿ?" ಎನ್ನುತ್ತಾರೆ. ಅಂಥ ಕಡೆ ಪೈಥಾನ್ 3.8 ಮತ್ತು ಪೈಸೈಡ್2ರ 5.15 ಸರಣಿ ಹಾಕುತ್ತೇನೆ, ಅದರಲ್ಲಿ 32 ಬಿಟ್‌ನದೂ ಸಿಗುತ್ತದೆ. ಕ್ಯೂಟಿ 5ರಿಂದ 6ಕ್ಕೆ ಕೋಡಿನಲ್ಲಿ ಬದಲಾವಣೆ ಜಾಸ್ತಿ ಇಲ್ಲ, ಹಾಗಾಗಿ ಎರಡನ್ನೂ ಒಟ್ಟಿಗೆ ಸಂಭಾಳಿಸಬಹುದು. ಆದರೂ ಇದು ಎಷ್ಟು ದಿನ ನಡೆದೀತು? ಹಳೇ ಸರಣಿಗೆ ಹೊಸ ತಿದ್ದುಪಡಿ ಬರುವುದಿಲ್ಲ. ಅಂಥ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಡಬೇಡಿ ಎಂದು ನಾನು ಬರೆದೇ ಕೊಡುತ್ತೇನೆ.

ಡಬ್ಲ್ಯೂಎಕ್ಸ್‌ಪೈಥಾನ್ ಬಗ್ಗೆ ನನಗೆ ಒಳಗೊಳಗೇ ಪ್ರೀತಿ. 1992ರಲ್ಲಿ ಎಡಿನ್‌ಬರ ವಿಶ್ವವಿದ್ಯಾಲಯದಲ್ಲಿದ್ದ ಜೂಲಿಯನ್ ಸ್ಮಾರ್ಟ್ ಶುರು ಮಾಡಿದ ಡಬ್ಲ್ಯೂಎಕ್ಸ್‌ವಿಜೆಟ್ಸ್ ಇದರ ಮೂಲ. ಇದು ತಾನಾಗಿ ಬಟನ್ ಬಿಡಿಸುವುದಿಲ್ಲ, ವಿಂಡೋಸ್‌ನಲ್ಲಿ ವಿಂಡೋಸಿನದೇ ಬಟನ್, ಲಿನಕ್ಸ್‌ನಲ್ಲಿ ಅಲ್ಲಿನ ಜಿಟಿಕೆ ಟೂಲ್‌ಕಿಟ್ಟಿನದು. ಹಾಗಾಗಿ ಕನ್ನಡ ಎರಡೂ ಕಡೆ ಸರಿ. ಪ್ರಿಂಟ್ ವ್ಯವಸ್ಥೆ ಇದೆ, ಪರವಾನಗಿಯ ತಕರಾರಿಲ್ಲ, 32 ಬಿಟ್‌ಗೂ ಸಿಗುತ್ತದೆ. ಅದರ ಗ್ರಿಡ್ ಅಂತೂ ಹಮಾಲಿ ಪಟ್ಟಿಗೆ ಹೇಳಿ ಮಾಡಿಸಿದ್ದು. ಮನೆಯೊಳಗೇ ತಿದ್ದಬಹುದು, ಎಂಟರ್ ಒತ್ತಿದರೆ ಕೆಳಗಿನ ಸಾಲಿಗೆ ಇಳಿಯುತ್ತದೆ. ಮತ್ತೆ ಯಾಕೆ ಬಿಟ್ಟೆ? ಹೊಸ ಆವೃತ್ತಿ ಬರುವುದು ನಿಧಾನ. ಲಿನಕ್ಸ್‌ನಲ್ಲಿ ಹಾಕಿಕೊಳ್ಳಲು ಪೈಥಾನ್‌ನ ಪಿಪ್ ಆಜ್ಞೆ ಹೊಡೆದರೆ ಸಿದ್ಧ ಪ್ಯಾಕೇಜ್ ಸಿಗದೆ ಕಂಪೈಲ್ ಮಾಡುತ್ತಾ ಕೂರುತ್ತದೆ. ಜೊತೆಗೆ ನನ್ನ ಕೈಕೆಳಗೆ ಕಲಿಯಲು ಬರುವ ಹುಡುಗರಿಗೆ ಇದರ ಪಾಠ, ವಿಡಿಯೋ ಸಿಗುವುದು ಕಮ್ಮಿ. ಕೆಲಸಕ್ಕೆ ಒಬ್ಬರೇ, ಗಿರಾಕಿಗಳೆಲ್ಲ ವಿಂಡೋಸ್ ಎನ್ನುವವರು ಕಣ್ಣು ಮುಚ್ಚಿ ಇದನ್ನು ಹಿಡಿಯಬಹುದು.

ಉಳಿದವನ್ನು ಬೇಗ ಮುಗಿಸುತ್ತೇನೆ. ಜಿಟಿಕೆ ಲಿನಕ್ಸ್‌ನಲ್ಲಿ ಚೆಂದ, ವಿಂಡೋಸ್‌ನಲ್ಲಿ ಅದನ್ನು ಕೂರಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಕಿವಿ (Kivy) ಎಂಬ ಟೂಲ್‌ಕಿಟ್ ಬೆರಳಿನಲ್ಲಿ ಮುಟ್ಟುವ ಪರದೆಗೆ ಮಾಡಿದ್ದು, ನಮಗೆ ಬೇಕಾದದ್ದು ನಂಬರ್ ಪ್ಯಾಡ್. ಈಗಿನ ಹುಡುಗರು ಎಲೆಕ್ಟ್ರಾನ್ ಹಾಕಿ ಎನ್ನುತ್ತಾರೆ. ಒಂದು ತೂಕದ ಚೀಟಿಗೆ ಇಡೀ ಕ್ರೋಮಿಯಂ ಬ್ರೌಸರನ್ನು 2 ಜಿಬಿ ರ‍್ಯಾಮಿನ ಮೇಲೆ ಹೇರುವುದು ಒಂದು ಚೀಲ ಭತ್ತಕ್ಕೆ ಲಾರಿ ಬಾಡಿಗೆ ಹಿಡಿದ ಹಾಗೆ. ಪೈಥಾನ್‌ನಲ್ಲಿ ವೆಬ್ ಪುಟ ಮಾಡುವ ಫ್ಲಾಸ್ಕ್‌ನಲ್ಲಿ ಬರೆದು ಬ್ರೌಸರಿನಲ್ಲಿ ತೋರಿಸುವುದು ಮಾತ್ರ ಯೋಚಿಸುವಂಥದ್ದು. ಮಾಲೀಕರು ಮನೆಯಿಂದ ಮೊಬೈಲ್‌ನಲ್ಲಿ ಲೆಕ್ಕ ನೋಡಬೇಕು ಎಂದಾಗ ಅದನ್ನೇ ಮಾಡುತ್ತೇನೆ. ಕಾಟಾ ಮನೆಯ ಪರದೆಗೆ ಅದು ಬೇಡ.

ಅಂಕ ಕೊಡಿ ಎಂದರೆ, ನನ್ನ ಕೆಲಸದ ಮಟ್ಟಿಗೆ ಪೈಸೈಡ್‌ಗೆ ಹತ್ತಕ್ಕೆ ಎಂಟು, ಡಬ್ಲ್ಯೂಎಕ್ಸ್‌ಗೆ ಏಳು, ಟಿಕಿಂಟರ್‌ಗೆ ಐದು. ಇಂಗ್ಲಿಷ್‌ನಲ್ಲಷ್ಟೇ ಸಾಕು, ಪ್ರಿಂಟ್ ಬೇಡ ಎಂದರೆ ಟಿಕಿಂಟರ್‌ಗೇ ಎಂಟು ಕೊಡುತ್ತೇನೆ. ನಾನು ಬಳಸುವ ಬ್ಯಾಕಪ್ ಪ್ರೋಗ್ರಾಂ, ಪೋರ್ಟ್ ಪರೀಕ್ಷಿಸುವ ಸಣ್ಣ ಪ್ರೋಗ್ರಾಂ ಇವತ್ತಿಗೂ ಅದರಲ್ಲೇ ಇವೆ, ಸುಮ್ನೆ ಯಾಕೆ ಬದಲಿಸಲಿ?

ಪೈಸೈಡ್ ಹಿಡಿಯುವವರಿಗೆ ಎರಡು ಮಾತು. ಪೂರ್ತಿ ಪೈಸೈಡ್6 ಹಾಕಿದರೆ ನಮಗೆ ಬೇಡದ ಚಾರ್ಟು, ಬ್ರೌಸರ್ ಎಂಜಿನ್ ಎಲ್ಲ ಬಂದು ಬೀಳುತ್ತದೆ, ಎಸೆನ್ಷಿಯಲ್ಸ್ ಎಂಬ ಸಣ್ಣ ಪ್ಯಾಕೇಜ್ ಸಾಕು. ಗಿರಾಕಿಗೆ ಕೊಡಲು ಪ್ರೋಗ್ರಾಂ ಕಟ್ಟುವ ಪೈಇನ್‌ಸ್ಟಾಲರ್‌ನಲ್ಲಿ ಒಂದೇ ಫೈಲ್ ಮಾಡುವ ಆಸೆಯನ್ನೂ ಬಿಡಿ. ಅದು ಪ್ರತಿ ಸಲ ತೆರೆದಾಗ ತನ್ನನ್ನು ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಳ್ಳುತ್ತದೆ. ಹಳೇ ಹಾರ್ಡ್ ಡಿಸ್ಕಿನಲ್ಲಿ ಅದಕ್ಕೇ ಹೊತ್ತು ಹಿಡಿಯುತ್ತದೆ, ಕೆಲವು ಆಂಟಿವೈರಸ್‌ಗಳು ಅನುಮಾನಪಟ್ಟು ಅಳಿಸಿಯೂ ಹಾಕುತ್ತವೆ. ಕರೆಂಟ್ ಹೋಗಿ ಬಂದಾಗಲೆಲ್ಲ ಪ್ರೋಗ್ರಾಂ ಮತ್ತೆ ತೆರೆಯಬೇಕಾದ ಕಡೆ ಇದು ಆಗಿಬರುವುದಿಲ್ಲ. ಫೋಲ್ಡರ್ ರೂಪದಲ್ಲೇ ಕೊಟ್ಟು, ಡೆಸ್ಕ್‌ಟಾಪ್ ಮೇಲೆ 'ಕಾಟಾ' ಎಂದು ಒಂದು ಶಾರ್ಟ್‌ಕಟ್ ಇಟ್ಟು ಬನ್ನಿ.